ಕೈಗುಣದ ಅದಲುಬದಲು

ಕ್ರಿಕೆಟ್ ಕ್ಲಬ್ಬುಗಳು ಈಗ ಆಟಗಾರರನ್ನು ಊರು ಬಿಡಿಸುತ್ತಿರಲಿಲ್ಲ. ಅವರ ಕೈಗುಣವನ್ನಷ್ಟೇ ಅದಲುಬದಲು ಮಾಡಿಕೊಳ್ಳುತ್ತಿದ್ದವು. ಹುಬ್ಬಳ್ಳಿಯ ಕೊನೇ ಓವರಿನ ಬೌಲರ್ ಮೈಲಾರಪ್ಪನ ಕೈಗುಣ ಅಂದು ಬೆಳಿಗ್ಗೆ ಬಳ್ಳಾರಿಗೆ ಹೋಗಿ, ಅಲ್ಲಿಯ ಬೌಲರ್ ಖಾಜಾಸಾಬನದು ಇವನ ಕೈಗೆ ಬಂದಿತ್ತು.

"ಮೈಲಾರಣ್ಣನ ಯಾರ್ಕರಿಗೆ ಸ್ಟಂಪ್ ಅಡ್ಡಬೀಳ್ತಿದ್ವು! ಅದನ್ನ ಕೊಟ್ಟು ಏನ್ ತಂದ್ರಲೇ?" ಗಿರಮಿಟ್ಟಿನ ಅಂಗಡಿಯ ಮುಂದೆ ಚನ್ನಬಸು ಕೂಗಾಡಿದ.

"ಖಾಜಾನ ಕೈಯೇನ್ ಕಮ್ಮಿ ಐತೇನೋ?" ಎಂದ ಗೆಳೆಯ ದ್ಯಾಮಣ್ಣ.

ಅಂಗಡಿಯ ನೀಲವ್ವನಿಗೆ ಬೇರೆಯದೇ ಭಯ. ಚುರುಮುರಿಗೆ ಖಾರ ಹಾಕಿ ಗಿರಮಿಟ್ಟು ಕಲಸುವವನೂ ಅವಳ ಗಂಡ ಮೈಲಾರಪ್ಪನೇ. ಕೈಗುಣದ ಜೊತೆ ರುಚಿಯೂ ಹೋಗಿದ್ದರೆ ಅಂಗಡಿಯ ಗತಿಯೇನು?

ಅವನು ಕಲಸಿಕೊಟ್ಟ ಮೊದಲ ತುತ್ತಿಗೇ ಚನ್ನಬಸುವಿನ ಕಣ್ಣಲ್ಲಿ ನೀರು ಬಂತು.

"ಅಬಬಬ, ಏನ್ ಖಾರೋ ಯಪ್ಪಾ! ಕೊನೇ ಓವರಿಗೆ ಇಂಥಾ ಕೈನ ಬೇಕಿತ್ ನೋಡು. ನೀಲಕ್ಕಾ, ಇನ್ನೊಂದ್ ಪ್ಲೇಟ್ ಹಾಕವಾ."