ಅಮಾವಾಸ್ಯೆಯವರೆಗಿನ ಪರವಾನಗಿ

"ಸತ್ತವರ ಹೆಸರು?" ಹುಮನಾಬಾದಿನ ಕಚೇರಿಯಲ್ಲಿ ಮುನ್ಷಿ ಶಂಶುದ್ದೀನ್ ತಲೆ ಎತ್ತದೆ ಕೇಳಿದ.

"ಗಯಾಬಾಯಿ. ನಮ್ಮವ್ವ ರೀ."

"ಯಾವಾಗ ತೀರ್ಕೊಂಡ್ರು?"

"ಇನ್ನಾ ತೀರ್ಕೊಂಡಿಲ್ರಿ," ಎಂದ ಶರಣಪ್ಪ.

ಮುನ್ಷಿಯ ಲೇಖನಿ ನಿಂತಿತು. ಊರ ಬಾವಿಗೆ ಹತ್ತಿರವಾಯಿತೆಂದು ಹಳೆಯ ಸ್ಮಶಾನವನ್ನು ಮುಚ್ಚಿ ಎಂಟು ದಿನವಾಗಿತ್ತು. ತಲೆಮಾರುಗಟ್ಟಲೆ ಸುಮ್ಮನಿದ್ದ ನಿಜಾಮ ಸರಕಾರಕ್ಕೆ ಈಗ ಬಾವಿಯ ನೆನಪಾಗಿತ್ತು. ಇನ್ನು ಹೂಳುವುದೇನಿದ್ದರೂ ಚಿಟಗುಪ್ಪದ ದಾರಿಯ ಹೊಸ ಜಾಗದಲ್ಲಿ. ಗಯಾಬಾಯಿಗೋ ಒಂದೇ ಹಟ, ಗಂಡನ ಮಗ್ಗುಲಲ್ಲೇ ಮಣ್ಣಾಗಬೇಕು.

"ವೈದ್ಯರು ನಾಕ್ ದಿನ ಅಂದಾರ್ರಿ. ಅನ್ನ ನೀರು ಬಿಟ್ಟಾಳ. ಅಪ್ಪನ ಬಾಜೂಕ ಜಾಗಾ ಅದರಿ. ಒಂದ್ ಮೆಹರ್ಬಾನಿ ಮಾಡ್ರಿ."

ಮುನ್ಷಿ ಕೆಟ್ಟವನಲ್ಲ. ಒಳಗೆ ಹೋಗಿ, ಸಾಹೇಬರನ್ನು ಕಾಡಿ ಬೇಡಿ ಪರವಾನಗಿಗೆ ಸಹಿ ಹಾಕಿಸಿಕೊಂಡು ಬಂದ. "ಅಮಾಸಿತನಕ ಅಷ್ಟ ನೋಡ್ ಶರಣಪ್ಪ. ಅದರ ಮ್ಯಾಲೆ ಒಂದ್ ದಿನಾನೂ ಇಲ್ಲ."

ಕಲ್ಲಿನಂಥ ಗಟ್ಟಿ ಮುರುಮಿನ ನೆಲ, ಕುಣಿ ತೋಡಲು ಎರಡು ದಿನ ಬೇಕು. ಶರಣಪ್ಪ ಮೊದಲೇ ತೋಡಿಸಿಟ್ಟ. ಕಲ್ಯಾಣಿಯಿಂದ ತಂಗಿ ಜಿಜಾಬಾಯಿ ಬಂದು ತಾಯಿಯ ತಲೆದೆಸೆಯಲ್ಲಿ ಕೂತಳು. ಗಂಡನ ಪಕ್ಕ ಜಾಗ ಸಿಕ್ಕಿತೆಂದು ಕೇಳಿ ಗಯಾಬಾಯಿಯ ಮುಖ ಅರಳಿತು. ಆ ಸಮಾಧಾನದಲ್ಲೇ ಒಂದು ಗುಟುಕು ಗಂಜಿ ಕುಡಿದಳು. ಮರುದಿನ ಒಂದು ಬಟ್ಟಲು.

ಶರಣಪ್ಪ ಮತ್ತೆ ಕಚೇರಿಗೆ ಓಡಿದ. "ಅವ್ವಗ ಆರಾಮ ಆಗಾಕತ್ತದರಿ. ಇನ್ನೊಂದೀಟು ದಿನ ಹೆಚ್ಚಿಗಿ ಕೊಡ್ರಿ."

"ಸಾಯಾಕತ್ತಾರ ಅಂತ ಬರದು ಸಹಿ ಮಾಡಿಸೀನಿ," ಎಂದ ಮುನ್ಷಿ, ನಿಜವಾಗಿಯೂ ನೊಂದುಕೊಂಡು. "ಈಗ ಆರಾಮ ಆಗ್ಯಾದ ಅಂತ ಹ್ಯಾಂಗ ಬರೀಲಿ?"

ಅಮಾವಾಸ್ಯೆಯ ಬೆಳಿಗ್ಗೆ ಗಯಾಬಾಯಿ ಗೋಡೆಗೊರಗಿ ಕೂತು ರೊಟ್ಟಿ ಕೇಳಿದಳು. ಜಿಜಾಬಾಯಿ ಅಣ್ಣನ ಮುಖ ನೋಡಿದಳು. ಶರಣಪ್ಪನಿಗೆ ಸಿಟ್ಟು ಬಂತು. ಹೆತ್ತವಳು ರೊಟ್ಟಿ ಕೇಳಿದ್ದಕ್ಕೆ ಸಿಟ್ಟು ಬಂದಿತಲ್ಲ ಎಂದು ನಾಚಿಕೆಯೂ ಆಯಿತು. ಬಿಸಿ ರೊಟ್ಟಿಯನ್ನು ತಾನೇ ತಾಟಿಗೆ ಹಾಕಿ ಕೊಟ್ಟ.

ಅಷ್ಟರಲ್ಲಿ ಕಚೇರಿಯ ಜವಾನ ಪಂಡರಿ ಬಾಗಿಲಿಗೆ ಬಂದ. "ಸಂಜೀತನಾ ನೋಡ್ತೀವಿ ಶರಣಪ್ಪ. ಆಮ್ಯಾಲೆ ಕುಣಿ ಮುಚ್ಚಾಕ ಹುಕುಂ ಆಗ್ಯಾದ."

"ಅವ್ವ ರೊಟ್ಟಿ ತಿನ್ನಾಕತ್ತಾಳೋ," ಎಂದ ಶರಣಪ್ಪ ಮೆಲ್ಲಗೆ. ಪಂಡರಿ ತಲೆ ತಗ್ಗಿಸಿ ಹೊರಟುಹೋದ.

ಶರಣಪ್ಪ ಒಳಗೆ ಬಂದಾಗ ಗಯಾಬಾಯಿಯ ಬಾಯಾಡುವುದು ನಿಂತಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮುರಿದ ತುತ್ತನ್ನು ತಾಟಿಗೇ ಹಾಕಿ, ತಾಟನ್ನು ದೂರ ಸರಿಸಿದಳು.

"ಸಿಟ್ಟಾಗಬ್ಯಾಡೋ ಯಪ್ಪಾ," ಎಂದಳು. "ಹಸಿವು ತಡಕೊಳ್ಳಾಕ ಆಗ್ಲಿಲ್ಲ."