ಪಂಚಾಮೃತ ಚಿಕಿತ್ಸೆ

ಬಡಾವಣೆಯ ಆರ್ಕಿಡ್ ಸ್ಪರ್ಧೆಯಲ್ಲಿ ನಾಲ್ಕು ವರ್ಷದಿಂದ ಮೊದಲ ಬಹುಮಾನ ಬಿಟ್ಟುಕೊಡದ ಕಮಲಾಕ್ಷ ರಾಯರು, ಗಿಡಗಳನ್ನು ಹೆಂಡತಿಯ ಸುಪರ್ದಿಗೆ ಒಪ್ಪಿಸಿ, ಅಕ್ಕನ ಮಗಳ ಮದುವೆಗೆಂದು ಧಾರವಾಡಕ್ಕೆ ಹೋಗಿದ್ದರು. ಸ್ಪರ್ಧೆಗೆ ಇನ್ನು ಹತ್ತೇ ದಿನ ಎನ್ನುವಾಗ ಕೆಳಮನೆಯ ಸುಧಾಮಣಿಯವರ ಫೋನ್ ಬಂತು. ನಾಲ್ಕು ವರ್ಷವೂ ಎರಡನೇ ಬಹುಮಾನ ಆಕೆಯದೇ.

“ರಾಯರೇ, ಆರ್ಕಿಡ್ ಬೇರು ಕೊಳೀತಿದೆ. ಮೊಗ್ಗು ಬೇರೆ ಬಂದಿದೆ. ಏನ್ಮಾಡ್ಲಿ?”

ಕೊಳೆತ ಬೇರು ಕತ್ತರಿಸಿ, ಗಾಯಕ್ಕೆ ಚಕ್ಕೆ ಪುಡಿ ಸವರಿ, ನಾಲ್ಕು ದಿನ ನೀರು ತೋರಿಸಬಾರದು. ರಾಯರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಇದನ್ನು ಹೇಳುತ್ತಿದ್ದರು.

“ದಿನಾ ಪೂಜೆ ಆದ್ಮೇಲೆ ಉಳಿದ ಪಂಚಾಮೃತಾನ ಬುಡಕ್ಕೆ ಹಾಕಿ,” ಎಂದರು.

“ಹಾಲು, ಜೇನುತುಪ್ಪ ಎಲ್ಲ? ಇರುವೆ ಬರಲ್ವಾ?”

“ಬರ್ಲಿ ಬಿಡಿ. ದೇವರಿಗೆ ಒಗ್ಗಿದ್ದು ಗಿಡಕ್ಕೆ ಒಗ್ಗಲ್ವಾ? ನನ್ನ ಬಹುಮಾನದ ಗುಟ್ಟೇ ಅದು. ಯಾರಿಗೂ ಹೇಳ್ಬೇಡಿ.”

ಅಂದು ಮದುವೆಮನೆಯಲ್ಲಿ ರಾಯರು ಎರಡು ಹೋಳಿಗೆ ಹೆಚ್ಚಿಗೆ ತಿಂದರು.

ಐದನೇ ದಿನ ಮತ್ತೆ ಸುಧಾಮಣಿಯವರ ಫೋನ್. “ಸುಳಿಯೂ ಕರಗಿಹೋಯ್ತು ರಾಯರೇ. ನೊಣ ಮುತ್ತಿವೆ.”

“ಅಯ್ಯೋ ಪಾಪ. ದೇವರಿಚ್ಛೆ. ಮುಂದಿನ ವರ್ಷ ನೋಡೋಣ ಬಿಡಿ.”

“ನೀವು ಇಷ್ಟು ಸಮಾಧಾನವಾಗಿ ತಗೋತೀರಿ ಅಂತ ನಾವಿಬ್ಬರೂ ಅಂದ್ಕೊಂಡಿರ್ಲಿಲ್ಲ,” ಎಂದರು ಸುಧಾಮಣಿ. “ನೀರು ಜಾಸ್ತಿ ಹಾಕಿ ಕೊಳೆಸಿದ್ದಕ್ಕೆ ಬೈತೀರಿ ಅಂತ ಹೆದರಿ, ನಿಮ್ಮನೆಯವರು ಕುಂಡ ತಂದು ನನ್ನ ಕೈಗೆ ಕೊಟ್ಟು ಅಳ್ತಾ ಕೂತಿದ್ರು.”