ಇನ್ನೂರ ಹನ್ನೆರಡು ಬೈಗುಳ

ಗಣಿತದ ಮೇಷ್ಟರಿಗೆ ಮನಸ್ಸಿನೊಳಗೆ ಮಾತಾಡಿಕೊಳ್ಳಲು ಬರುತ್ತಿರಲಿಲ್ಲ. ತಮ್ಮನ್ನು ತಾವೇ ಬೈದುಕೊಳ್ಳುವುದೂ ಬಾಯಿಬಿಟ್ಟೇ. ಮಕ್ಕಳಿಗೆ ಬೈಯುವುದನ್ನು ಪತ್ತೆಹಚ್ಚಲು ಶಾಲೆ ತರಗತಿಯಲ್ಲಿಟ್ಟಿದ್ದ ಮೈಕು ಹೆಕ್ಕಿ ಕಳಿಸಿದ ಮಾತುಗಳ ಲೆಕ್ಕ ಈಗ ಮುಖ್ಯೋಪಾಧ್ಯಾಯಿನಿಯ ಕಂಪ್ಯೂಟರಿನಲ್ಲಿತ್ತು: ಒಂದೇ ತಿಂಗಳಲ್ಲಿ ‘ದಡ್ಡ’ ಇನ್ನೂರ ಹನ್ನೆರಡು ಸಲ.

“ಯಾವ ಮಗೂಗೆ ಬೈದ್ರಿ, ಹೇಳಿ.”

“ನಂಗೆ ನಾನೇ ಬೈಕೊಂಡಿದ್ದು ಮೇಡಂ. ಬೈಕೊಳ್ದಿದ್ರೆ ಲೆಕ್ಕದಲ್ಲಿ ಎಡವಿಬೀಳ್ತೀನಿ.”

“ಕಂಪ್ಯೂಟರ್‌ಗೆ ಅದೆಲ್ಲ ಗೊತ್ತಾಗಲ್ಲ ರೀ. ಬೈಗುಳ ನಿಲ್ಸೋಕಾದ್ರೆ ಇರಿ, ಇಲ್ಲಾಂದ್ರೆ ಬೇರೆ ಶಾಲೆ ನೋಡ್ಕೊಳ್ಳಿ. ಎಲ್ಲಿ, ಇಲ್ಲೇ ಒಂದು ಲೆಕ್ಕ ಮಾಡಿ ತೋರ್ಸಿ.” ಅವರು ತರಗತಿಯಿಂದ ತರಿಸಿದ್ದ ಮೈಕನ್ನು ಮೇಜಿನ ಮೇಲಿಟ್ಟು ಚಾಲೂ ಮಾಡಿದರು.

ಮೇಷ್ಟರು ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗೋಡೆಯ ಬೋರ್ಡಿನ ಮೇಲೆ ಉದ್ದದ ಸಮೀಕರಣವೊಂದನ್ನು ಬಿಡಿಸತೊಡಗಿದರು. ಹಣೆ ಬೆವರಿತು, ಕಿವಿ ಕೆಂಪಾಯಿತು, ಒಂದು ಮಾತೂ ಹೊರಬರಲಿಲ್ಲ. ಗೆದ್ದವರಂತೆ ಕೊನೆಯ ಸಾಲು ಬರೆದು ತಿರುಗಿದರು. ಇಪ್ಪತ್ತು ವರ್ಷ ತಾವೂ ಗಣಿತ ಕಲಿಸಿದ್ದ ಮುಖ್ಯೋಪಾಧ್ಯಾಯಿನಿ ಬೋರ್ಡು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

“ಅಯ್ಯೋ ದಡ್ಡ, ಮೈನಸ್ ಎಲ್ಲಿ ಹೋಯ್ತೋ!”

ಕಂಪ್ಯೂಟರಿನಲ್ಲಿ ಅಂಕಿ ಇನ್ನೂರ ಹದಿಮೂರಾಯಿತು. ಬೋರ್ಡಿನ ಮೇಲೆ ಮೂರು ಮೈನಸ್ ಚಿಹ್ನೆಗಳು ಕಳೆದುಹೋಗಿದ್ದವು.